ಅಕ್ಕಿ ಡಬ್ಬದ ಮೇಲಿನ ಅರ್ಥಶಾಸ್ತ್ರ

ನಮ್ಮ ಮಸ್ಕತ್ತಿನ ಮನೆಯಲ್ಲಿ ಸರಿಯಾದ ಎತ್ತರದ ಮೇಜೆಂದರೆ ಕುಚ್ಚಲಕ್ಕಿಯ ಡಬ್ಬವೊಂದೇ ಎಂಬ ಸತ್ಯ ನನಗೆ ಹೊಳೆಯಲು ಒಂದು ಮಹಾಮಾರಿಯೇ ಬರಬೇಕಾಯಿತು. ಕಾಲೇಜು ಬಾಗಿಲು ಮುಚ್ಚಿತು. ಊಟದ ಮೇಜನ್ನು ಗಂಡನ ಆಫೀಸೂ ಮಲಗುವ ಕೋಣೆಯನ್ನು ಮಗಳ ಶಾಲೆಯೂ ಆಕ್ರಮಿಸಿಕೊಂಡ ಮೇಲೆ, ಅರ್ಥಶಾಸ್ತ್ರದ ಅಧ್ಯಾಪಕಿಯಾದ ನನಗೆ ಉಳಿದದ್ದು ಅಡುಗೆಮನೆ. ಅಲ್ಲಿ ಹಮ್ರಿಯಾ ಪೇಟೆಯ ಅಂಗಡಿಯಿಂದ ತಂದ ಅಕ್ಕಿ ತುಂಬಿದ ನೀಲಿ ಡಬ್ಬದ ಮೇಲೆ ಲ್ಯಾಪ್‌ಟಾಪಿನ ಪ್ರತಿಷ್ಠಾಪನೆಯಾಯಿತು. ಅನ್ನಕ್ಕಿಡುವ ಹೊತ್ತಾದಾಗ ‘ನೆಟ್‌ವರ್ಕ್ ತೊಂದರೆ’ ಎಂದು ಹೇಳಿ ಅದನ್ನೆತ್ತಿ ಅಕ್ಕಿ ತೆಗೆಯುತ್ತಿದ್ದೆ. ಅರ್ಥಶಾಸ್ತ್ರ ಅಕ್ಕಿಗೆ ದಾರಿ ಬಿಡುವುದು ನ್ಯಾಯವೇ ಅಲ್ಲವೇ?

ನಿಜವಾದ ತೊಂದರೆ ಬೇರೆಯಿತ್ತು. ನನ್ನ ಒಮಾನಿ ಶಿಷ್ಯೆಯರು ಮನೆಯೊಳಗಿನಿಂದ ಕ್ಯಾಮರಾ ತೆರೆಯುವವರಲ್ಲ. ಸಂಕೋಚಕ್ಕೆ ಮೈಕನ್ನೂ ತೆರೆಯುತ್ತಿರಲಿಲ್ಲ. ‘ಅರ್ಥವಾಯಿತೇ?’ ಎಂದರೆ ಫ್ರಿಜ್ಜು ಮಾತ್ರ ಗುಂಯ್‌ಗುಡುತ್ತಿತ್ತು. ಹಾಗಿರುವಾಗ ವಿಭಾಗದ ಮುಖ್ಯಸ್ಥರು ಹೇಳದೆ ಕೇಳದೆ ತರಗತಿಗೆ ಬಂದು ಕೂರುತ್ತಾರೆ, ವಿದ್ಯಾರ್ಥಿಗಳು ಸ್ಪಂದಿಸದಿದ್ದರೆ ಅಧ್ಯಾಪಕರ ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಸುದ್ದಿ ಹಬ್ಬಿತು. ಗುತ್ತಿಗೆ ಖಲಾಸ್ ಎಂದರೆ ನನ್ನ ವೀಸಾವೂ ಖಲಾಸ್. ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು.

ಮುಖ್ಯಸ್ಥರ ಹೆಸರು ಪರದೆಯ ಮೇಲೆ ಮೂಡಿದ ದಿನ, ಬೇಡಿಕೆ ಏರಿದರೆ ಬೆಲೆಯೂ ಏರುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ‘ಹೂಂ’ ಎಂದಿತೊಂದು ದನಿ. ಪೂರೈಕೆ ಹೆಚ್ಚಿದರೆ ಇಳಿಯುತ್ತದೆ ಎಂದೆ. ಮತ್ತೆ ‘ಹೂಂ’. ತಿರುಗಿದರೆ, ಕೆಲವು ವಾರಕ್ಕೆಂದು ಬಂದು ವಿಮಾನವಿಲ್ಲದೆ ಇಲ್ಲೇ ಉಳಿದ ನನ್ನ ಅತ್ತೆ! ಇಂಗ್ಲಿಷಿನ ಗಂಧವಿಲ್ಲದ ಅವರು ನೆಲದ ಮೇಲೆ ಬಸಳೆ ಬಿಡಿಸುತ್ತ, ನಾನು ಉಸಿರೆಳೆದುಕೊಂಡಲ್ಲೆಲ್ಲ ತಪ್ಪದೆ ಹೂಂಗುಟ್ಟುತ್ತಿದ್ದರು.

ತರಗತಿ ಮುಗಿದ ಮೇಲೆ, ‘ಇದೇನತ್ತೆ?’ ಎಂದೆ.

ಮನೆಮಾತು ತುಳುವಾದರೂ ಬಯಲುಸೀಮೆಯ ಸೊಸೆಗಾಗಿ ಕನ್ನಡಕ್ಕಿಳಿದು ಅವರೆಂದರು: ‘ಅಲ್ಲ ಮಾರಾಯ್ತಿ, ಅಷ್ಟೊತ್ತಿಂದ ನೀನೊಬ್ಬಳೇ ಕಥೆ ಹೇಳ್ತಾ ಇದ್ದಿ. ಹೂಂ ಹೇಳ್ಲಿಕ್ಕೆ ಒಂದು ಜನ ಇಲ್ಲ. ಪಾಪ ಅಂತ ಕಂಡಿತು.’

ಕಥೆ ಕೇಳುವವರು ಹೂಂಗುಡದಿದ್ದರೆ ಹೇಳುವವರು ನಿಲ್ಲಿಸಿಬಿಡುವ ಮನೆಯಿಂದ ಬಂದವರು ಅವರು. ಸಂಜೆ ಮುಖ್ಯಸ್ಥರ ಸಂದೇಶ ಬಂತು: ತರಗತಿ ಜೀವಂತವಾಗಿತ್ತು, ಗುತ್ತಿಗೆಯ ಚಿಂತೆ ಬೇಡ, ಅಷ್ಟು ಶ್ರದ್ಧೆಯಿಂದ ಕೇಳಿದ ವಿದ್ಯಾರ್ಥಿನಿಗೆ ಪೂರ್ಣ ಅಂಕ ಕೊಡಿ. ನಾನು ಅಂಕದ ಬದಲು ಅತ್ತೆಗೆ ಏಲಕ್ಕಿ ಚಹಾ ಕೊಟ್ಟೆ. ಅಂದಿನಿಂದ ಅವರು ನನ್ನ ಒಂದು ತರಗತಿಯನ್ನೂ ತಪ್ಪಿಸಲಿಲ್ಲ.

ವಿಮಾನಗಳು ಮತ್ತೆ ಹಾರತೊಡಗಿದವು, ಅತ್ತೆ ಊರಿಗೆ ಹೋದರು. ಮರುದಿನ ಡಬ್ಬದ ಮುಂದೆ ಕೂತು ಒಂದು ವಾಕ್ಯ ಹೇಳಿ, ಅಭ್ಯಾಸಬಲದಿಂದ ನಿಲ್ಲಿಸಿದೆ. ಫ್ರಿಜ್ಜು ಗುಂಯ್‌ಗುಟ್ಟಿತು. ಇಷ್ಟೂ ದಿನ ಪಾಠ ಮಾಡಿದ್ದು ಅವರೊಬ್ಬರಿಗೇ ಏನೋ ಅನ್ನಿಸಿತು. ಆಗ ಎಲ್ಲೋ ಒಂದು ಮೈಕು ತೆರೆದುಕೊಂಡು ಎಳೆಯ ದನಿಯೊಂದು ಹಿಂಜರಿಯುತ್ತ ‘ಹೂಂ, ಮಿಸ್’ ಎಂದಿತು. ಇನ್ನೊಂದು ನಗುತ್ತ ‘ಹೂಂ’ ಎಂದಿತು. ಆಮೇಲೆ ಮತ್ತೊಂದು.

ಆ ದಿನ ಡಬ್ಬದ ಮೇಲಿನಿಂದ ಲ್ಯಾಪ್‌ಟಾಪ್ ಎತ್ತಲು ಮನಸ್ಸೇ ಬರಲಿಲ್ಲ. ಮಧ್ಯಾಹ್ನ ಮನೆಮಂದಿಯೆಲ್ಲ ಅಂಗಡಿಯ ಖುಬ್ಬೂಸ್ ರೊಟ್ಟಿ ತಿಂದೆವು.