ಕಾಳಿಲ್ಲದ ಸಂಚಿ

ನನ್ನ ಕನ್ನಡಕ ಈಗಲೂ ದೊಡ್ಡವ್ವ ಹೊಲಿದುಕೊಟ್ಟ ಚೈನಿನ ಸಂಚಿಯಲ್ಲೇ ಇರುತ್ತದೆ. ಹಳೆಯ ಧೋತರದ ಬಿಳಿ ತುಂಡು, ಅದರ ತುಂಬ ಗುಲಾಬಿ ದಾರದ ಸಣ್ಣ ಸಣ್ಣ ಕಡ್ಡಿಗಳು. ನೋಡಿದವರು ಶಾವಿಗೆ ಅನ್ನುತ್ತಾರೆ. ಅವು ಬ್ಯಾಕ್ಟೀರಿಯಾ.

ಗೋಗಿ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದ ಹೊಸತು. ದೊಡ್ಡವ್ವ, ಅಂದರೆ ನನ್ನವ್ವನ ಅಕ್ಕ, ಮೊದಲ ದಿನವೇ ಅರಿಶಿಣ ಕುಂಕುಮ ಏರಿಸಿ ಕೊಡ ತುಂಬಿ ತಂದವಳು. ಬಾವಿಯ ಸವಳು ಕುಡಿದು ಬೆಳೆದ ನಾಲಿಗೆಗೆ ಆ ನೀರು ಸಕ್ಕರೆ. ಅದನ್ನು ಕುದಿಸುವುದೆಂದರೆ ಮನೆಗೆ ಬಂದ ಗಂಗವ್ವನನ್ನು ಒಲೆಯ ಮೇಲೆ ಕೂರಿಸಿದಂತೆ ಎಂದು ಅವಳ ಹಟ. ಇತ್ತ ಹತ್ತು ತಿಂಗಳ ಮೊಮ್ಮಗನ ಭೇದಿ ನಿಲ್ಲುತ್ತಿರಲಿಲ್ಲ. ಔಷಧ ಕೊಟ್ಟರೆ ನಾಲ್ಕು ದಿನ ಸುಮ್ಮನೆ, ಮತ್ತೆ ಶುರು. ಕೂಸಿನ ಕೆನ್ನೆಗಳು ಒಳಗೆ ಹೋಗಿದ್ದವು.

ನಾನಾಗ ಶಹಾಪುರದಲ್ಲಿ ಒಂದು ಲ್ಯಾಬಿನಲ್ಲಿದ್ದೆ. ಹೇಳಿ ಹೇಳಿ ಸಾಕಾಗಿ, ಅವಳ ಕೊಡದ ನೀರನ್ನೇ ತಂದು, ಅದರಲ್ಲಿದ್ದುದನ್ನು ಬೆಳೆಸಿ, ಬಣ್ಣ ಹಾಕಿ, ಅವಳನ್ನು ಟಂಟಂ ಆಟೋದಲ್ಲಿ ಕರೆಸಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಒಂದೇ ಕಣ್ಣು ಮುಚ್ಚಲು ಬಾರದೆ, ಇನ್ನೊಂದನ್ನು ಸೆರಗಿನಿಂದ ಒತ್ತಿ ಹಿಡಿದು ನೋಡಿದಳು. ಹೆದರುತ್ತಾಳೆ ಅಂದುಕೊಂಡಿದ್ದೆ.

"ಎಷ್ಟ್ ಚಂದ ಅದಾವಲ್ಲ. ಇಂಥಾ ಗುಲಾಬಿ ದಾರ ಸುರಪುರದಾಗ ಸಿಕ್ಕೀತೇನ?" ಅಂದಳು.

ನನ್ನ ಉಪಾಯ ಅಲ್ಲಿಗೇ ಕೈಕೊಟ್ಟಿತು. ಮೊದಲೇ ಕೌದಿ ಹೊಲಿಯುವ ಕೈ. ವಾರ ಬಿಟ್ಟು ಹೋದಾಗ ಸಂಚಿಯೊಂದು ಮುಗಿಯುತ್ತ ಬಂದಿತ್ತು. ಪ್ರತಿ ಕಡ್ಡಿಯ ಪಕ್ಕ ಹಳದಿ ದಾರದ ಒಂದು ಜೋಳದ ಕಾಳು. ಅವಳ ಕೌದಿಗಳಲ್ಲೂ ಹಾಗೇ. ಗಿಳಿಯಾಗಲಿ ಎತ್ತಾಗಲಿ, ಜೀವವಿರುವುದನ್ನು ಬಟ್ಟೆಯ ಮೇಲೆ ಮೂಡಿಸಿದರೆ ಅದರ ಬಾಯಿಗೆ ಏನಾದರೂ ಇಡಲೇಬೇಕು. ಹೊಲಿದವರ ಮನೆಯಲ್ಲಿ ಅದು ಉಪವಾಸ ಇರಬಾರದು. ನನಗೆ ನಗು ಬಂತು, ಆದರೆ ಅವಳ ತೊಡೆಯ ಮೇಲೆ ಕೂಸು ನರಳುತ್ತಿತ್ತು.

ಕೊನೆಯ ಕಾಳು ಹೊಲಿಯುತ್ತ ನನ್ನನ್ನು ಕೇಳಿದಳು: "ತಂಗಿ, ಇವು ಖರೇನ ಏನ್ ತಿಂತಾವ?"

"ಕೂಸಿನ ಹೊಟ್ಟ್ಯಾಗ ಕುಂತು ಅದ್ರ ಪಾಲಿಂದ ತಿಂತಾವ, ದೊಡ್ಡವ್ವ. ತಿಂದು ಮರಿ ಹಾಕ್ತಾವ."

ಸೂಜಿ ನಿಂತಿತು. ಮೊಮ್ಮಗನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಅಂದ್ರ ಇವಕ್ಕ ಉಣಸಾಕತ್ತಾಕಿ ನಾನ ಅನ್ನು."

ಎದ್ದು, ಕೊಡಕ್ಕೆ ಕೈಮುಗಿದು, ಬಗ್ಗಿಸಿ, ನೀರನ್ನು ಒಲೆಗೇರಿಸಿದಳು.

ಕೂಸು ಕ್ರಮೇಣ ಮೈದುಂಬಿಕೊಂಡು, ಅಂಬೆಗಾಲಿಟ್ಟು ಅವಳ ದಾರದುಂಡೆ ಎಳೆಯುವಷ್ಟಾಯಿತು. ಆಗ ಎರಡನೆಯ ಸಂಚಿ ಹೊಲಿದು ನನಗೆ ಕೊಟ್ಟಳು. ಅದೇ ಇದು. ಎಷ್ಟು ಹುಡುಕಿದರೂ ಇದರ ಮೇಲೆ ಒಂದೂ ಕಾಳಿಲ್ಲ. ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ಪದ್ಧತಿಯನ್ನು ಅವಳು ಮುರಿದದ್ದು ಇದೊಂದೇ ಸಲ. ಕೊಡುವಾಗ ಮುಖ ಸಣ್ಣದಾಗಿತ್ತು.

"ಅಡಿಕಿ ಗಿಡಿಕಿ, ತಿನ್ನೂದೇನೂ ಇದ್ರಾಗ ಇಡಬ್ಯಾಡ ನೋಡು" ಅಂದಿದ್ದಳು.

ಇಟ್ಟಿಲ್ಲ. ಕನ್ನಡಕ ಮಾತ್ರ.