ಮಾವನವರು ಕಾದ ಕಿಟಕಿ

ಮೊನ್ನೆ ಹೋದ ಹಲ್ಲಿನ ದವಾಖಾನೆಯಲ್ಲಿ ಕಿಟಕಿಗಳಿಗೆಲ್ಲ ಗಾಜು ಬಿಗಿದಿದ್ದರು. ಲವಂಗದೆಣ್ಣೆಯ ವಾಸನೆ, ಬೆಳಗಿನಿಂದ ಬಂದುಹೋದವರ ಬಾಯಿಯ ವಾಸನೆ, ಎಲ್ಲ ಅಲ್ಲೇ ಸುತ್ತುತ್ತಿತ್ತು. ಮೂಗಿಗೆ ಸೆರಗು ಹಿಡಿದು ಕೂತಾಗ, ನೀವು ನಂಬಿ, ಬಿಡಿ, ನನಗೆ ನೆನಪಾದದ್ದು ನಮ್ಮ ಮಾವನವರ ಬೆನ್ನು.

ಆಗ ನಿಜಾಮರ ಕಾಲ. ನಾನು ಯಲಬುರ್ಗಿಗೆ ಸೊಸೆಯಾಗಿ ಬಂದ ಹೊಸತು. ಮಾವನವರು ಸೊಸೆಯೊಡನೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ನೀರು ಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ನಾನು ತಂದು ಕಂಬದ ಬುಡದಲ್ಲಿ ಇಡುತ್ತಿದ್ದೆ. ಮನೆಯ ಸುದ್ದಿ ನಮ್ಮೆಲ್ಲರಿಗಿಂತ ಆ ಕಂಬಕ್ಕೇ ಹೆಚ್ಚು ಗೊತ್ತಿತ್ತು.

ಆ ಬೇಸಿಗೆ ನನ್ನ ದವಡೆ ಬಾತು, ಜ್ವರ ಏರಿ, ಗಂಜಿಯೂ ಇಳಿಯದಾಯಿತು. ಗಂಡ ಊರಲ್ಲಿರಲಿಲ್ಲ, ಅತ್ತೆಯವರಿಗೆ ಕಾಲುನೋವು. ಮಾವನವರೇ ಬಂಡಿ ಕಟ್ಟಿಸಿ ಕೊಪ್ಪಳಕ್ಕೆ ಕರೆದೊಯ್ದರು.

ಹೈದರಾಬಾದಿನಿಂದ ಬಂದ ಡಾಕ್ಟರು ಪೇಟೆ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಒಂದು ಕಿಟಕಿ ಬೀದಿಗೆ, ಒಂದು ಹಿತ್ತಲಿಗೆ, ನಡುವೆ ಕುರ್ಚಿ. ಗಾಳಿ ಚೆನ್ನಾಗಿ ಹಾಯುತ್ತಿತ್ತು, ಬೀದಿಯವರ ಕಣ್ಣೂ. ಎದುರಿನ ಚಹಾದಂಗಡಿಯ ಬೆಂಚಿನಿಂದ ನನ್ನ ಬಾಯಿ ನೆಟ್ಟಗೆ ಕಾಣುವಂತಿತ್ತು. ಮುಚ್ಚಿದ ಸೆರಗು ನಾನು ತೆಗೆಯಲೇ ಇಲ್ಲ. ಕಿಟಕಿ ಹಾಕಿರೆಂದು ಸನ್ನೆ ಮಾಡಿದೆ.

“ಹಾಕೂದಿಲ್ಲವ್ವ,” ಎಂದರು ಡಾಕ್ಟರು. “ಇಲ್ಲಿ ಕೆಮ್ಮೋರು ಬರ್ತಾರ, ಕೀವು ಆದೋರು ಬರ್ತಾರ. ಅವರು ಬಿಟ್ಟ ಉಸಿರು ನಿನಗ್ಯಾಕ?” ಇವತ್ತೇ ಹಲ್ಲು ಕೀಳದಿದ್ದರೆ ಕೀವು ಗಂಟಲಿಗೆ ಇಳಿದು ಜೀವಕ್ಕೇ ಬಂದೀತೆಂದು ಮಾವನವರಿಗೂ ಹೇಳಿದರು.

ಮಾವನವರು ಸಟ್ಟನೆ ಎದ್ದು ಹೊರಗೆ ಹೋದರು. ಸಿಟ್ಟಾದರೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೀದಿಯ ಕಿಟಕಿಯಾಚೆ ಅವರ ಬೆನ್ನು ಕಾಣಿಸಿತು. ಗಾಳಿಗೆ ಜಾಗ ಬಿಟ್ಟು ಒಂದು ಮಾರು ದೂರ ನಿಂತು, ಹೆಗಲ ಶಲ್ಯವನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದಿದ್ದರು. ನೆತ್ತಿಯ ಮೇಲೆ ಬಿಸಿಲು.

ಚಹಾದಂಗಡಿಯಿಂದ ಯಾರೋ ಕೇಳಿದರು, “ಗೌಡ್ರ, ಶಲ್ಯಾ ಒಣಗಸಾಕ ಹತ್ತೀರೇನ್ರಿ?”

“ಹೌದಪಾ, ಇನ್ನೂ ಹಸಿ ಐತಿ,” ಎಂದರು ಮಾವನವರು.

ನಾನು ಬಾಯಿ ತೆರೆದೆ. ನಾನು ನರಳಿದಾಗಲೆಲ್ಲ ಶಲ್ಯ ನಡುಗುತ್ತಿತ್ತು. ಅವರು ಮಾತ್ರ ತಿರುಗಲಿಲ್ಲ. ಹಲ್ಲು ಕಿತ್ತು ಬಂದ ಮೇಲೆ ಡಾಕ್ಟರು ಕೈ ತೊಳೆಯಲು ಹಿತ್ತಲಿಗೆ ಹೋದರು. ಹೊರಗಿನಿಂದ ದನಿ ಬಂತು.

“ಮುಗೀತೇನವಾ? ತಿರುಗ್ಲಿ ಇನ್ನ?”

ಅಲ್ಲಿ ಕಂಬವಿರಲಿಲ್ಲ. ಅವರು ಕೇಳಿದ್ದು ನನ್ನನ್ನೇ. ಬಾಯಿ ತುಂಬ ಹತ್ತಿ, ಕೈಬಳೆ ಅಲುಗಿಸಿದೆ.

ಮೊನ್ನೆ ನನ್ನ ಸರದಿ ಬಂದಾಗ, ಜೊತೆಗೆ ಬಂದ ಸೊಸೆ ಎದ್ದು ನಿಂತು, “ನಾ ಹೊರಗ ಇರ್ಲೇನ್ರಿ, ಅತ್ತಿ?” ಎಂದಳು. ಇಷ್ಟು ವರ್ಷ ಅವಳೆದುರು ಒಮ್ಮೆಯೂ ಹಲ್ಲಿನ ಸೆಟ್ಟು ತೆಗೆದವಳಲ್ಲ ನಾನು. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.