ಕೆಂಪು ಕಿವಿಯ ಅಡುಗೆ ಮಾಮ

ತುಮಕೂರಿನ ಬಟವಾಡಿಯ ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಳು. ಅಷ್ಟರಲ್ಲಿ ಕಿಟಕಿಯಿಂದ ಘಮ್ಮೆಂದು ಇಂಗಿನ ವಾಸನೆ ನುಗ್ಗಿತು. ಕ್ಲಿನಿಕ್ಕಿನ ಬೆನ್ನಿಗೇ ಒಂದು ಕಲ್ಯಾಣ ಮಂಟಪವಿದೆ, ಯಾರದೋ ಮದುವೆ, ಕಾದ ತುಪ್ಪಕ್ಕೆ ಯಾರೋ ಧಾರಾಳವಾಗಿ ಇಂಗು ಹಾಕಿದ್ದರು. ಇಂಗನ್ನು ಹಾಗೆ ಕೈಬಿಚ್ಚಿ ಹಾಕುತ್ತಿದ್ದ ಒಬ್ಬರೇ ಒಬ್ಬರನ್ನು ನಾನು ಬಲ್ಲೆ. ಅವರು ಹೋಗಿ ಎರಡು ವರ್ಷವಾಯಿತು...

"ಏನ್ ಮೇಡಂ, ಇಷ್ಟ್ ಹೈ ಇದೆ? ಯಾರ್ ಜೊತೆನಾದ್ರೂ ಜಗಳ ಆಡ್ಕೊಂಡ್ ಬಂದ್ರಾ?" ಎಂದಳು ಹುಡುಗಿ.

ಆಡಿಕೊಂಡೇ ಬಂದಿದ್ದೆ. ಮೀಟರ್ ಹಾಕಪ್ಪಾ ಎಂದರೆ ಆಟೋದವನು ನನ್ನ ಮುಖ ನೋಡಿ ನಕ್ಕಿದ್ದ. ಬೈದಿದ್ದರೆ ಸುಮ್ಮನಿರುತ್ತಿದ್ದೆನೇನೋ, ನಕ್ಕಿದ್ದು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ, ಆಮೇಲೆ ಇನ್ನೊಮ್ಮೆ ನೋಡೋಣ ಎಂದು ಅವಳು ಹೋದಳು. ನಾನು ಬೆಂಚಿನ ಮೇಲೆ ಇಂಗಿನ ವಾಸನೆ ಕುಡಿಯುತ್ತಾ ಕೂತೆ.

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಮದುವೆ ಮುಂಜಿಗಳಿಗೆ ಅಡುಗೆ ಮಾಡುವುದು ಅವರ ವೃತ್ತಿ. ಊರಿನವರಿಗೆಲ್ಲ ಅಡುಗೆ ಭಟ್ಟರು, ನನಗೆ ಮಾತ್ರ ಅಡುಗೆ ಮಾಮ. ನಾನು ಎಷ್ಟು ದೊಡ್ಡವಳಾದರೂ ಅವರು ನನ್ನನ್ನು ಕರೆಯುತ್ತಿದ್ದುದು "ಕೂಸೇ" ಎಂದೇ. ಮನೆಯಲ್ಲಿ ಹಸುವಿನಂಥ ಮನುಷ್ಯ. ಅಡುಗೆಯ ಪಂಚೆ ಉಟ್ಟು ಸೊಂಟಕ್ಕೆ ವಸ್ತ್ರ ಬಿಗಿದರೋ, ಮುಗಿಯಿತು. ಸೌದೆ ಹಸಿಯಾಗಿದ್ದರೆ ಕೂಗು, ತೆಂಗಿನಕಾಯಿ ತುರಿದದ್ದು ದಪ್ಪವಾಗಿದ್ದರೆ ಕೂಗು, ಪಂಕ್ತಿ ಕೂರುವುದು ಹತ್ತು ನಿಮಿಷ ಮುಂಚೆಯಾದರೂ ಕೂಗು, ತಡವಾದರೂ ಕೂಗು. ಕೂಗುವಾಗ ಅವರ ಕಿವಿಗಳೆರಡೂ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಕತ್ತಿನ ನರ ಎದ್ದು ನಿಲ್ಲುತ್ತಿತ್ತು.

ನಮ್ಮ ಜನರಿಗೆ ಅದೇ ಒಂದು ಶಕುನವಾಗಿಬಿಟ್ಟಿತ್ತು. ಭಟ್ಟರ ಕಿವಿ ಕೆಂಪಾಗದಿದ್ದರೆ ಹುಳಿ ರುಚಿಯಾಗುವುದಿಲ್ಲವಂತೆ! ಎಲ್ಲಿಯಾದರೂ ಅವರು ಸಮಾಧಾನವಾಗಿ ಕೂತಿದ್ದರೆ ಮದುವೆ ಮನೆಯ ಹಿರಿಯರೇ ಹೋಗಿ, "ಭಟ್ರೇ, ಹೋದ್ಸಲ ಸಾರು ಸ್ವಲ್ಪ ನೀರಾಗಿತ್ತು" ಎಂದು ಒಂದು ಕಿಡಿ ಹಾಕಿ ಬರುತ್ತಿದ್ದರು. ಕಿವಿ ಕೆಂಪಾಯಿತು ಎಂದು ಒಬ್ಬರು ಬಂದು ಹೇಳಿದರೆ ಚಪ್ಪರದಲ್ಲಿ ಕೂತವರೆಲ್ಲ ನಕ್ಕು ಎಲೆಯ ಮುಂದೆ ಸರಿಯಾಗಿ ಕೂರುತ್ತಿದ್ದರು.

ಅವರ ಅಡುಗೆಮನೆಯಲ್ಲಿ ಇನ್ನೊಂದು ಕ್ರಮವಿತ್ತು. ದೇವರಿಗೆ ನೈವೇದ್ಯವಾಗುವವರೆಗೆ ಯಾರೂ ಏನನ್ನೂ ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದಕ್ಕೆ ನಾಲಿಗೆಯ ಸಾಕ್ಷಿ ಇಲ್ಲ, ನೆನಪೊಂದೇ ಸಾಕ್ಷಿ. ಉಪ್ಪಿನ ಡಬ್ಬಿಯನ್ನು ಅವರ ಹೊರತು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಕೊಪ್ಪರಿಗೆಗೆ ಉಪ್ಪು ಹಾಕಿ "ಹುಳಿಗೆ ಬಿತ್ತು!" ಎಂದು ಅವರು ಕೂಗಬೇಕು, ಸಹಾಯಕರೆಲ್ಲ "ಬಿತ್ತು!" ಎಂದು ಓಗೊಡಬೇಕು. ಒಂದು ಸಲ ಓಗೊಟ್ಟಾಯಿತೆಂದರೆ ಆ ಪಾತ್ರೆಗೆ ಮತ್ತೆ ಉಪ್ಪಿಲ್ಲ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿದ್ದನ್ನು ನಾನು ಕೇಳಿರಲಿಲ್ಲ.

ಆರೋಗ್ಯದ ಬಗ್ಗೆ ಅವರಿಗೆ ಭಾರಿ ಹೆಮ್ಮೆ. ಊರಿನಲ್ಲಿ ಎಲ್ಲಿ ಶಿಬಿರ ನಡೆದರೂ ಹೋಗಿ ಬಿಪಿ ನೋಡಿಸಿಕೊಂಡು ಬರುತ್ತಿದ್ದರು. ಯಾವತ್ತೂ ನಾರ್ಮಲ್ಲೇ. ನಮ್ಮಪ್ಪ ಮಾತ್ರೆ ನುಂಗುವುದನ್ನು ನೋಡಿ, "ಸಿಟ್ಟನ್ನ ಹೊರಗೆ ಹಾಕ್ಬಿಡ್ಬೇಕು ಕಣೋ. ಒಳಗೆ ಇಟ್ಕೊಂಡ್ರೆ ತಾನೇ ಬಿಪಿ ಬರೋದು? ನಾನು ಒಳಗೇನೂ ಇಟ್ಕೊಳ್ಳಲ್ಲ" ಎನ್ನುತ್ತಿದ್ದರು. ಅಪ್ಪನಿಗೂ ಅದು ಸರಿ ಎಂದೇ ತೋರುತ್ತಿತ್ತು. ನನಗಂತೂ ಅದು ವೇದವಾಕ್ಯವಾಗಿತ್ತು. ನನ್ನ ಬಾಯಿ ಇಷ್ಟು ಜೋರಾಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ನನ್ನ ಅಣ್ಣನ ಮದುವೆ ಕುಣಿಗಲ್ಲಿನಲ್ಲಿ ಆಯಿತು. ಹೆಣ್ಣಿನ ಸೋದರಮಾವ ಡಾಕ್ಟರು. ಅನ್ನಕ್ಕೆ ನೀರು ಹೆಚ್ಚಾಯಿತೆಂದು ಮಾಮ ರಂಪ ಎಬ್ಬಿಸಿದ್ದಾಗ ಆ ಡಾಕ್ಟರು ಏನಾಯಿತೆಂದು ಅಡುಗೆಮನೆಗೆ ಬಂದರು. ಮಾಮನ ಕತ್ತನ್ನೂ ಕಿವಿಯನ್ನೂ ನೋಡಿದವರು ಮಾತಾಡದೆ ಕಾರಿನಿಂದ ಮಿಷನ್ ತಂದು ಅಲ್ಲೇ ತೋಳಿಗೆ ಸುತ್ತಿದರು. ಮುಳ್ಳು ಏರಿದ್ದನ್ನು ನೋಡಿ ಅವರ ಮುಖದ ಬಣ್ಣವೇ ಹೋಯಿತು. ಬಲವಂತವಾಗಿ ಹೊರಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದರು. ಅರ್ಧ ಗಂಟೆ ಕಳೆದು ನೋಡಿದರೆ ಎಂದಿನಂತೆ ನಾರ್ಮಲ್.

"ನೋಡಿ ಡಾಕ್ಟ್ರೇ, ಟೆನ್ಷನ್ ಆಗಿದ್ದು ನಿಮ್ ಮಿಷನ್‌ಗೆ" ಎಂದು ಮಾಮ ನಕ್ಕರು. ನಾವೆಲ್ಲ ನಕ್ಕೆವು.

ಡಾಕ್ಟರು ನಗಲಿಲ್ಲ. "ಇಳಿದಿದ್ದು ಸಂತೋಷ ಭಟ್ರೇ. ಆದ್ರೆ ಏರಿದ್ದು ಲೆಕ್ಕಕ್ಕೆ ಬರಲ್ವಾ?" ಎಂದರು. ಕೂತಾಗ ಸರಿಯಿದ್ದು ಒತ್ತಡ ಬಿದ್ದಾಗಲೆಲ್ಲ ಹೀಗೆ ಹಾರುತ್ತಿದ್ದರೆ, ವರ್ಷಗಟ್ಟಲೆ ಹಾಗೇ ನಡೆದರೆ, ಮೆದುಳಿನ ಸಣ್ಣ ರಕ್ತನಾಳಗಳಿಗೆ ಒಳ್ಳೆಯದಲ್ಲ. ಎಲ್ಲರಿಗೂ ಆಗುತ್ತದೆಂದಲ್ಲ, ಆದರೆ ವಯಸ್ಸಾದ ಮೇಲೆ ಮರೆವಿಗೆ ಅದೂ ಒಂದು ದಾರಿಯಾಗಬಹುದು ಎಂದು ಬಿಡಿಸಿ ಹೇಳಿದರು. ಅಷ್ಟರಲ್ಲಿ ಒಳಗಿನಿಂದ ಹಪ್ಪಳ ಸೀದ ವಾಸನೆ ಬಂತು. ಮಾಮ ಪಂಚೆ ಎತ್ತಿಕಟ್ಟಿ ಓಡಿದರು.

ಆಮೇಲೆ ನಾನು ಕೆಲಸಕ್ಕೆಂದು ತುಮಕೂರಿಗೆ ಬಂದೆ. ಹಬ್ಬಕ್ಕೊಮ್ಮೆ ಗುಬ್ಬಿಗೆ ಹೋದಾಗ ಮಾಮ ಹೊರಗಡೆ ಅಡುಗೆಗೆ ಹೋಗಿರುತ್ತಿದ್ದರು, ಅಥವಾ ಮಲಗಿದ್ದಾರೆ ಎಂದು ಮಾಮಿ ಹೇಳುತ್ತಿದ್ದರು. ನಾನೂ ಅದನ್ನು ನಂಬಿ ಬರುತ್ತಿದ್ದೆ...

ಅವರಿಗಿದ್ದದ್ದು ಒಬ್ಬಳೇ ಮಗಳು. ಅವಳ ಮದುವೆ ಇದೇ ಬಟವಾಡಿಯಲ್ಲಿ, ಇದೇ ಮಂಟಪದಲ್ಲಿ ನಡೆಯಿತು. ಮಗಳ ಮದುವೆಯ ಅಡುಗೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಎಂದು ಮಾಮ ಹಟ ಹಿಡಿದಿದ್ದರಂತೆ. ಬೆಳಿಗ್ಗೆ ನಾನು ಹೋದಾಗ ಒಳಗಿನಿಂದ ಅದೇ ಕೂಗು ಕೇಳಿ ಖುಷಿಯಾಯಿತು. ಮುಹೂರ್ತ ಹತ್ತಿರವಾಯಿತು. ಮಾಮಿ ಹಸೆಯ ಮೇಲೆ ಒಬ್ಬರೇ ಕೂತಿದ್ದರು. ಪುರೋಹಿತರು ಹುಡುಗಿಯ ತಂದೆಯನ್ನು ಕರೆಸಿ ಎಂದು ಅವಸರ ಮಾಡಿದರು. ಮಾಮನನ್ನು ಕರೆದುಕೊಂಡು ಬರಲು ನಾನೇ ಅಡುಗೆಮನೆಗೆ ಹೋದೆ.

ಮಾಮ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಕಿವಿ ಕೆಂಪಗಿತ್ತು. ನನ್ನನ್ನು ಕಂಡ ಕೂಡಲೇ ಕೂಗಿದರು: "ಧಾರೆ ಹೊತ್ತು ಮೀರ್ತಾ ಇದೆ, ಆ ಹುಡುಗಿ ಅಪ್ಪ ಎಲ್ಲಿ ಸತ್ತ? ಮಗಳ ಮದುವೇಲೂ ಇಲ್ಲ ಅಂದ್ರೆ ಅವನೆಂಥ ಅಪ್ಪ!"

ನಾನು ಗಟ್ಟಿಯಾಗಿ ನಕ್ಕೆ. "ತಮಾಷೆ ಸಾಕು ಮಾಮ, ಬನ್ನಿ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಿಟ್ಟು ಇಳಿದು ಪರರ ಮನೆಯ ಹೆಂಗಸಿಗೆ ತೋರುವ ಮರ್ಯಾದೆ ಮುಖದಲ್ಲಿ ಬಂತು. "ತಾವು ಹೆಣ್ಣಿನ ಕಡೆಯವರಾ ತಾಯಿ?" ಎಂದು ಕೇಳಿದರು.

"ಮಾಮ, ನಾನು ನಿಮ್ಮ ಕೂಸು" ಎಂದೆ. ಅವರು ನನ್ನನ್ನು ಮರೆತು ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ತೆಗೆದು ಕೊಪ್ಪರಿಗೆಗೆ ಹಾಕಿ "ಹುಳಿಗೆ ಬಿತ್ತು!" ಎಂದರು. ಸಹಾಯಕರು "ಬಿತ್ತು!" ಎಂದರು. ಒಂದು ಕ್ಷಣ ಬಿಟ್ಟು ಅವರು ಅದೇ ಕೊಪ್ಪರಿಗೆಗೆ ಮತ್ತೊಂದು ಹಿಡಿ ಹಾಕಿದರು. "ಹುಳಿಗೆ ಬಿತ್ತು!" ಮತ್ತೆ ಎಲ್ಲರೂ "ಬಿತ್ತು!" ಎಂದರು.

ಹುಲಿಯೂರುದುರ್ಗದ ಕಡೆಯ ಒಬ್ಬ ಹಳೆಯ ಸಹಾಯಕ, ಮಾಮನ ಜೊತೆ ದುಡಿದು ತಲೆ ನೆರೆತವನು, ನನ್ನನ್ನು ಪಕ್ಕಕ್ಕೆ ಕರೆದ. "ಗಾಬ್ರಿ ಆಗ್ಬ್ಯಾಡಿ ಅಕ್ಕಾ. ಡಬ್ಬೀಲಿರೋದು ರವೆ. ಉಪ್ಪು ನಾನ್ ಹಾಕಿವ್ನಿ. ಹುಳಿ ಒಸಿ ಗಟ್ಟಿ ಆಯ್ತದೆ, ಅಷ್ಟೇಯ" ಎಂದ. ಆಮೇಲೆ ದನಿ ತಗ್ಗಿಸಿ, "ವರ್ಷದ್ ಮ್ಯಾಲಾಯ್ತು ಹಿಂಗಾಗಿ. ಮದ್ವೆ ಆಗೋಗಂಟ ಯಾರ್ಗೂ ಯೋಳ್ಬ್ಯಾಡ ಅಂದವ್ರೆ ಅಮ್ನೋರು. ಗಂಡಿನ್ ಕಡೆಯೋರ್ಗೆ ತಿಳುದ್ರೆ ಮದ್ವೇನೇ ನಿಂತೋಯ್ತದೆ ಅಂತ ಭಯ ಅವ್ರಿಗೆ" ಎಂದ. ಅವನ ಕಣ್ಣು ತುಂಬಿತ್ತು. ಒಲೆಯ ಹೊಗೆ ಎಂದು ಒರೆಸಿಕೊಂಡ.

ಹೊರಗಿನಿಂದ ಪುರೋಹಿತರ ಕೂಗು ಇನ್ನೊಮ್ಮೆ ಬಂತು. ನನಗೆ ಅದು ಹೇಗೆ ಹೊಳೆಯಿತೋ ಇಂದಿಗೂ ತಿಳಿಯದು. ಮಾಮನ ಮುಂದೆ ಕೈಮುಗಿದು ನಿಂತೆ. "ಹುಡುಗಿಯ ಅಪ್ಪ ಬರೋ ಹಾಗಿಲ್ಲವಂತೆ. ನೀವೇ ದೊಡ್ಡಮನಸ್ಸು ಮಾಡಿ ಧಾರೆ ಎರೆದುಕೊಡಬೇಕಂತೆ" ಎಂದೆ.

ಅವರ ಕಿವಿಯ ಕೆಂಪು ಮೆಲ್ಲಗೆ ಇಳಿಯಿತು. "ಅಯ್ಯೋ ಪಾಪ" ಎಂದರು. ಕೈ ತೊಳೆದರು. ಮಡಿಪಂಚೆ ಉಟ್ಟು ನನ್ನ ಹಿಂದೆ ಬಂದರು. ಮಾಮಿಯ ಗುರುತು ಮಾತ್ರ ಅವರಿಗಿತ್ತು. "ನೀನೂ ಇಲ್ಲೇ ಇದ್ದೀಯಾ? ಒಳ್ಳೇದಾಯ್ತು ಬಿಡು" ಎಂದು ಪಕ್ಕದಲ್ಲಿ ಕೂತರು. ಮಂತ್ರವೆಲ್ಲ ತಪ್ಪಿಲ್ಲದೆ ಹೇಳಿದರು. ಧಾರೆಯ ನೀರು ಬೀಳುವಾಗ ಮಗಳು ಬಿಕ್ಕಿಬಿಕ್ಕಿ ಅಳತೊಡಗಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಮಾಮ ಒದ್ದೆಗೈಯನ್ನು ಅವಳ ತಲೆಯ ಮೇಲಿಟ್ಟು ಹೇಳಿದರು: "ಅಳಬೇಡಮ್ಮ. ನಿಮ್ಮಪ್ಪ ಎಲ್ಲಿದ್ರೂ ಬಂದೇ ಬರ್ತಾನೆ."

ಗಟ್ಟಿಮೇಳದ ಅಬ್ಬರದಲ್ಲಿ ಅದು ಗಂಡಿನ ಕಡೆಯವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಅಕ್ಷತೆ ಹಿಡಿದಿದ್ದ ನನ್ನ ಕೈ ಮೇಲೇಳಲೇ ಇಲ್ಲ. ಆಮೇಲೆ ಪಂಕ್ತಿಯಲ್ಲಿ ಹುಳಿ ಗಟ್ಟಿಯಾಗಿದೆಯೆಂದು ಯಾರೋ ಗೊಣಗಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮದುವೆ ನಿಲ್ಲಲಿಲ್ಲ. ಅಳಿಯ ಒಳ್ಳೆಯವನು, ತಿಳಿದ ಮೇಲೆ ಮಾವನನ್ನು ಶೆಟ್ಟಿಹಳ್ಳಿಯ ತನ್ನ ಮನೆಗೇ ಕರೆದುಕೊಂಡು ಬಂದು ಕೊನೆಯವರೆಗೂ ನೋಡಿಕೊಂಡ. ಮಾಮ ಆ ಮನೆಯಲ್ಲಿ ಮಗಳು ಮಾಡಿದ ಅಡುಗೆ ಉಂಡು, ಅಡುಗೆಯವಳು ಪರವಾಗಿಲ್ಲ ಎಂದು ಹೊಗಳುತ್ತಿದ್ದರಂತೆ. ಅವಳ ಅಪ್ಪ ಮಾತ್ರ ಬರಲಿಲ್ಲ...

"ಈಗ ನಾರ್ಮಲ್ ಮೇಡಂ, ಆರಾಮಾಗಿ ಹೋಗ್ಬನ್ನಿ" ಎಂದಳು ನರ್ಸ್ ಹುಡುಗಿ. ನನಗೆ ಕುಣಿಗಲ್ಲಿನ ಕಟ್ಟೆ ಕಣ್ಣಿಗೆ ಕಟ್ಟಿತು. ಮೊದಲು ಬಂದಿದ್ದನ್ನೂ ಬರಿ ತಾಯಿ, ಅದನ್ನೇ ಡಾಕ್ಟರಿಗೆ ತೋರಿಸಬೇಕು ಎಂದೆ. ಅವಳು ವಿಚಿತ್ರವಾಗಿ ನೋಡಿದಳು, ಆದರೂ ಬರೆದಳು.

ಹೊರಗೆ ಬಂದು ಮಂಟಪದ ಗೇಟಿನ ಬಳಿ ನಿಂತು ಮಾಮನ ಮಗಳಿಗೆ ಫೋನ್ ಮಾಡಿದೆ. ಅವಳೂ ಈಗ ಮದುವೆ ಅಡುಗೆಗಳನ್ನು ಒಪ್ಪಿಕೊಳ್ಳುತ್ತಾಳೆ. ಅಲ್ಲಿ ಪಾತ್ರೆಗಳ ಸದ್ದು, ನಡುವೆ ಅವಳು ಯಾರನ್ನೋ ಗದರಿಸುವ ದನಿ. ಬಿಪಿ ನೋಡಿಸಿಕೊಂಡೆಯಾ ಎಂದು ಕೇಳಿದೆ.

"ಹೋದ್ ತಿಂಗಳು ನೋಡ್ಸಿದೆ ಅಕ್ಕಾ, ಪೂರ್ತಿ ನಾರ್ಮಲ್!" ಎಂದು ಅವಳು ಅಪ್ಪನ ಹಾಗೆಯೇ ನಕ್ಕಳು. "ಸಿಟ್ಟೆಲ್ಲ ಹೊರಗೆ ಹಾಕ್ಬಿಡ್ತೀನಲ್ಲ, ಒಳಗೇನೂ ಇಟ್ಕೊಳ್ಳಲ್ಲ ನಾನು."

ಯಾವ ಮಂಟಪದಲ್ಲಿದ್ದೀಯ ಹೇಳು, ಈಗಲೇ ಬರುತ್ತೇನೆ ಎಂದೆ. ಎದುರಿಗೆ ಬಂದ ಆಟೋಗೆ ಕೈ ಅಡ್ಡ ಹಿಡಿದೆ. ಅವನು ಕೇಳಿದಷ್ಟಕ್ಕೆ ಒಪ್ಪಿಕೊಂಡು ಹತ್ತಿ ಕೂತೆ.